ವರ್ಷ ತುಂಬದ ಮನೆಯ ಸ್ಟೀರಿಯೋ

ನಾನು ಒಂದು ಕಾರ್ ಸ್ಟೀರಿಯೋ. ಕಾರಿನ ಜೊತೆಗೆ ಹುಟ್ಟಿದವನಲ್ಲ, ಆಮೇಲೆ ಬಂದು ಸೇರಿಕೊಂಡವನು. ಯಾವುದೋ ದೂರದ ಕಾರ್ಖಾನೆಯಲ್ಲಿ ನನ್ನ ಬೆನ್ನಿಗೆ ಬಣ್ಣಬಣ್ಣದ ತಂತಿ ಬೆಸೆದು, ಡಬ್ಬಿಗೆ ತುಂಬಿ ಕಳಿಸಿದರು. ಗದಗಿನ ಅಂಗಡಿಯೊಂದರ ಗಾಜಿನ ಕಪಾಟಿನಲ್ಲಿ ಕೂತು, ದೊಡ್ಡ ಕಾರೊಂದು ನನ್ನನ್ನು ಕರೆದೊಯ್ಯುತ್ತದೆ ಎಂದು ಕನಸು ಕಾಣುತ್ತಿದ್ದೆ. ಬಂದದ್ದು ಬೆಂಕಿಪೊಟ್ಟಣದಂಥ ಕಾರು. ಅದರ ಎಡಬಾಗಿಲಿನ ಲಾಕು ಬೇರೆ ಕೆಟ್ಟಿತ್ತು. ನನಗೆ ಅಳುವೇ ಬಂತು.

ಯಜಮಾನ ಗುರುಸಿದ್ದ. ಸಂತೆ ಊರುಗಳ ಅಂಗಡಿಗಳಿಗೆ ಬಳೆ, ರಿಬ್ಬನ್ನು, ಟಿಕಳಿ ಹಾಕಿ ಬರುವ ವ್ಯಾಪಾರಿ. ಅವನ ಹೆಂಡತಿ ಶಿವಲೀಲಾ ಎಡಗಡೆಯ ಸೀಟಿನಲ್ಲಿ ಕೂತೇ ಇದ್ದಳು. ಅಂಗಡಿಯ ಇಮ್ತಿಯಾಜ್ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಮುಚ್ಚಳ ಕಿತ್ತು, ನನ್ನ ಕೆಂಪು ತಂತಿಯನ್ನು ಚಾವಿಯ ತಂತಿಗೆ ಸೇರಿಸಲು ಹೊರಟ. ಗುರುಸಿದ್ದ ತಡೆದ.

“ಅದನ್ನೂ ಸೀದಾ ಬ್ಯಾಟರಿಗೇ ಕೊಡ್ರಿ. ನಾ ಚಾವಿ ತಗೊಂಡು ಅಂಗಡಿಯೊಳಗ ಹೋದ್ರೂ ಇದು ಹಾಡ್ತಿರಬೇಕು. ಈಕಿ ಒಬ್ಬಾಕಿನ ಕುಂತಿರ್ತಾಳ.”

“ಹಂಗ ಮಾಡಿದ್ರ ಬ್ಯಾಟರಿ ಇಳೀತೈತ್ರಿ,” ಎಂದ ಇಮ್ತಿಯಾಜ್.

“ಇಳೀಲಿ ಬಿಡ್ರಿ. ದಿನಾ ಗಾಡಿ ಓಡಸಾಕ ನಾ ಅದೀನಲ್ಲ.”

ಮನೆಯಲ್ಲಿ ಗುರುಸಿದ್ದನ ತಾಯಿ ಬಸಲಿಂಗವ್ವ ನನ್ನ ನೀಲಿ ದೀಪ ನೋಡಿ, “ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ ಹೂವು” ಎಂದು ನಕ್ಕಳು. ನನಗೆ ಸಿಟ್ಟು ಬಂತು. ಆದರೂ ಆ ಸಣ್ಣ ಕಾರಿಗೆ ನಾನು ಬೇಗನೆ ಹೊಂದಿಕೊಂಡೆ. ಗುರುಸಿದ್ದ ಅಂಗಡಿಯಿಂದ ಬರುವವರೆಗೂ ಶಿವಲೀಲಾಳಿಗೆ ಹಾಡುವುದು ನನ್ನ ಕೆಲಸ. ಅವನು ಬಂದೊಡನೆ ಅವಳು ನನ್ನ ಕಿವಿ ಹಿಂಡಿ ದನಿ ತಗ್ಗಿಸುತ್ತಿದ್ದಳು. ಆಮೇಲೆ ಅವರಿಬ್ಬರದೇ ಮಾತು.

ಒಂದು ಸಂಜೆ ಗುರುಸಿದ್ದ ಎದೆ ಹಿಡಿದುಕೊಂಡು ಅಂಗಳದಲ್ಲೇ ಕುಸಿದ. ಆಂಬುಲೆನ್ಸಿನಲ್ಲಿ ಹೋದವನು ಹೆಣವಾಗಿ ಬಂದ.

“ವರ್ಷ ತುಂಬೂತನಕ ಈ ಮನ್ಯಾಗ ಹಬ್ಬ ಇಲ್ಲ, ಹಾಡಿಲ್ಲ” ಎಂದು ಬಸಲಿಂಗವ್ವ ಹೇಳಿದ್ದು ಹೊರಗಿದ್ದ ನನಗೂ ಕೇಳಿಸಿತು. ಟೀವಿಗೂ ಬಟ್ಟೆ ಹೊದಿಸಿದಳಂತೆ. ಅದು ಅವರ ಮನೆತನದ ರೂಢಿ. ಅವಳೇನು ಕೆಟ್ಟವಳಲ್ಲ, ಮಗನನ್ನು ಕಳೆದುಕೊಂಡವಳು ಮತ್ತೇನು ತಾನೇ ಮಾಡಿಯಾಳು? ಕಾರು ಬೇವಿನ ಮರದ ಕೆಳಗೆ ನಿಂತೇಬಿಟ್ಟಿತು.

ಎಲ್ಲರೂ ಅಡ್ಡಾಗಿದ್ದ ಒಂದು ಮಧ್ಯಾಹ್ನ ಲಾಕು ಕೆಟ್ಟ ಎಡಬಾಗಿಲು ಮೆಲ್ಲಗೆ ತೆರೆಯಿತು. ಶಿವಲೀಲಾ ತನ್ನ ಸೀಟಿನಲ್ಲೇ ಕೂತಳು. ನನ್ನ ಗುಂಡಿ ತಿರುವಿ, ಗಾಜಿನಾಚೆ ಹಾಡೋ ಗಾಳಿಯೋ ತಿಳಿಯದಷ್ಟು ದನಿ ಇಟ್ಟು, ಬಲಗೈಯನ್ನು ಪಕ್ಕದ ಖಾಲಿ ಸೀಟಿನ ಮೇಲೆ ಇಟ್ಟಳು. ಅಂಗಡಿಯೊಳಗೆ ಹೋದವನಿಗೆ ಕಾಯುತ್ತಿದ್ದ ಹಾಗೆಯೇ ಕಾದಳು, ಅತ್ತಳು. ಮರುದಿನವೂ ಬಂದಳು, ದಿನವೂ ಬಂದಳು. ಆ ಮನೆಯಲ್ಲಿ ಅವಳದೆಂದು ಉಳಿದಿದ್ದ ಜಾಗ ಅದೊಂದೇ. ಬ್ಯಾಟರಿಯ ಕಸುವು ಇಳಿಯುತ್ತಿದ್ದುದು ನನಗೆ ಗೊತ್ತಾಗುತ್ತಿತ್ತು. ಓಣಿಗೆಲ್ಲ ಕೇಳುವ ಹಾಗೆ ಕೂಗಬಲ್ಲವನು ನಾನು, ಆ ಒಂದು ಮಾತು ಹೇಳಲು ಮಾತ್ರ ಬಾಯಿಲ್ಲ. ಎಂಥ ಹಣೆಬರಹ ನೋಡಿ.

ಬಸಲಿಂಗವ್ವ ಕಣ್ಣಿನ ಆಸ್ಪತ್ರೆಗೆ ಹೋಗಬೇಕಾಗಿ ಬಂತು. ಕಿರಿಮಗ ಚನ್ನಬಸು ಚಾವಿ ತಿರುವಿದ. ಕಾರು ಕಟಕಟ ಎಂದು ಸುಮ್ಮನಾಯಿತು. ಕರೆಸಿದ ಮೆಕ್ಯಾನಿಕ್ ತಂತಿಗಳನ್ನೆಲ್ಲ ನೋಡಿ ನನ್ನತ್ತ ಬೆರಳು ತೋರಿಸಿದ. “ಇದನ್ನ ಯಾರೋ ಹಚ್ಚಿಕೋತ ಬಂದಾರ್ರಿ. ಬ್ಯಾಟರಿ ಪೂರಾ ಇಳದೈತಿ.”

ಬಸಲಿಂಗವ್ವ ಸೊಸೆಯ ಮುಖ ನೋಡಿದಳು. “ಗಂಡನ ವರ್ಷ ಮುಗದಿಲ್ಲ. ನಿನಗ ಹಾಡು ಬೇಕಾತೇನು?”

ಶಿವಲೀಲಾ ಒಳಗೆ ಹೋದಳು.

“ಮಾರಿಬಿಡು ಈ ಗಾಡೀನ,” ಎಂದು ಮುದುಕಿ ಮಗನಿಗೆ ಹೇಳಿದಳು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು. ಹಾಡಿದವನು ನಾನು, ಹೋದದ್ದು ಕಾರು. ಕೊಂಡವನಿಗೆ ನಾನು ಬೇಡವಾಗಿದ್ದೆ. ಚನ್ನಬಸು ನನ್ನ ತಂತಿಗಳನ್ನು ಕತ್ತರಿಸಿ ಅಟ್ಟಕ್ಕೆ ಹಾಕಿದ.

ವರ್ಷದ ಕಾರ್ಯ ಮುಗಿದ ಮರುದಿನ ಬಸಲಿಂಗವ್ವ ನನ್ನನ್ನು ಕೆಳಗಿಳಿಸಿದಳು. ಸೆರಗಿನಿಂದ ಧೂಳು ಒರೆಸಿ ಸೊಸೆಯ ಮುಂದಿಟ್ಟಳು.

“ವರ್ಷ ತುಂಬಿತವ್ವ. ಸಿಟ್ಟಿನ್ಯಾಗ ಏನೋ ಅಂದೆ. ಚನ್ನಬಸು ಇದಕ್ಕ ಬ್ಯಾಟರಿ ಕೂಡಸ್ತಾನಂತ. ಇನ್ನ ಕೇಳು, ಯಾರೂ ಏನೂ ಅನ್ನಂಗಿಲ್ಲ.”

ಶಿವಲೀಲಾ ನನ್ನ ಗುಂಡಿಯ ಮೇಲೆ ಬೆರಳಿಟ್ಟಳು. ತಿರುವಲಿಲ್ಲ.

“ಹಾಡು ಯಾರಿಗೆ ಬೇಕಿತ್ರೀ ಅತ್ತಿ? ಅವರ ಸೀಟಿನ ಬಾಜೂಕ ಕುಂದ್ರಾಕ ಹೋಗ್ತಿದ್ದೆ. ಸುಮ್ಮನ ಕುಂತ್ರ ಅಳೂದು ನಿಮಗ ಕೇಳಸ್ತಿತ್ತು. ಅದು ಮುಚ್ಚಲಿ ಅಂತ ಇದನ್ನ ಹಚ್ಚತಿದ್ದೆ.”

ಬಸಲಿಂಗವ್ವ ಬೇವಿನ ಮರದ ಕೆಳಗಿನ ಖಾಲಿ ಜಾಗದ ಕಡೆ ನೋಡಿದಳು. ಆ ಕಾರು ಈಗ ಯಾವ ಊರಿನಲ್ಲಿದೆಯೋ ಅವಳಿಗೂ ಗೊತ್ತಿರಲಿಲ್ಲ.

ಈಗ ನಾನು ಪಡಸಾಲೆಯ ಗೂಡಿನಲ್ಲಿದ್ದೇನೆ. ಹಾಡಬೇಡ ಎನ್ನುವವರು ಯಾರೂ ಇಲ್ಲ, ಹಾಡು ಎನ್ನುವವರೂ ಇಲ್ಲ. ಹಾಡುವುದೊಂದೇ ನನ್ನ ಕೆಲಸವೆಂದು ಬೀಗುತ್ತಿದ್ದೆ. ನಾನು ಮಾಡುತ್ತಿದ್ದ ಕೆಲಸ ಬೇರೆಯೇ ಎಂದು ತಿಳಿಯುವ ಹೊತ್ತಿಗೆ ಅದೂ ಕೈತಪ್ಪಿತ್ತು. ಶಿವಲೀಲಾ ಈಗ ಎಲ್ಲಿ ಕೂತು ಅಳುತ್ತಾಳೋ ನನಗೆ ಗೊತ್ತಿಲ್ಲ.