ತಟ್ಟಿ ನೋಡದ ಕಲ್ಲು

ಶವಪೆಟ್ಟಿಗೆಗೆ ಹೆಗಲು ಕೊಡಲು ಬಗ್ಗಿದ ಒಂಟಿಗಣ್ಣನ ತೋಳನ್ನು ಸತ್ತವನ ಮಗಳು ಹಿಡಿದು ನಿಲ್ಲಿಸಿದಳು.

"ನೀವು ಬೇಡ ಮಾವ. ನಿಮ್ಮ ಕಣ್ಣು ತೆಗೆದವರನ್ನ ನೀವೇ ಹೊತ್ತರೆ ನಮಗೆ ಇನ್ನೂ ನಾಚಿಕೆ."

ಹೊರಲು ನಿಂತವರು ತಲೆ ತಗ್ಗಿಸಿದರು. ವಿಷಯ ಗೊತ್ತಿಲ್ಲದವರು ಅಲ್ಲಿ ಯಾರಿದ್ದರು? ಸತ್ತವನು ಕಾರ್ಖಾನೆಯಲ್ಲಿ ಸಾಣೆ ಮೇಸ್ತ್ರಿ. ತಿರುಗುತ್ತಾ ಕಬ್ಬಿಣ ಉಜ್ಜುವ ಹೊಸ ಸಾಣೆಕಲ್ಲನ್ನು ತಟ್ಟಿ ನೋಡದೆ ಯಂತ್ರಕ್ಕೆ ಕೂರಿಸಿದ. ಕಲ್ಲು ಸಿಡಿದು ಜೊತೆಗಾರನ ಎಡಗಣ್ಣು ಹೋಯಿತು. ಆಮೇಲೆ ಮೇಸ್ತ್ರಿ ಕೆಲಸ ಹೋಗಿ, ಇಪ್ಪತ್ತು ವರ್ಷ ಅದೇ ಕಾರ್ಖಾನೆಯ ಕಸ ಗುಡಿಸಿದ. ಶಾಲೆಯಲ್ಲಿ ಇವಳಿಗೆ 'ಕಣ್ಣು ತೆಗೆದವನ ಮಗಳು' ಎಂದೇ ಹೆಸರು. ಮಡಕೆ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚೋಕಾಗುತ್ತಾ? ಆಗಿನಿಂದ ಅವಳು ಅಪ್ಪನಿಗೆ ಮುಖ ಕೊಟ್ಟು ಮಾತಾಡಿದ್ದಿಲ್ಲ.

*

ಕಲ್ಲು ಸಿಡಿಯುವುದಕ್ಕೂ ಮೊದಲು, ಒಂದು ರಜೆಯ ದಿನ, ಅಪ್ಪ ದಾರಕ್ಕೆ ಅಂಗಿಯ ಗುಂಡಿ ಕಟ್ಟಿ ಗಿರಗಿರ ತಿರುಗಿಸಿದ್ದ.

"ದಾರ ಬಿಟ್ಟರೆ ಇದು ಎಲ್ಲಿ ಹೋಗುತ್ತೆ ಹೇಳು ಪುಟ್ಟಿ?"

"ಸುತ್ತಿಕೊಂಡೇ ಹೋಗುತ್ತೆ."

ಬಿಟ್ಟ. ಗುಂಡಿ ನೆಟ್ಟಗೆ ಹೋಗಿ ಕಿಟಕಿಗೆ ಬಡಿಯಿತು.

"ನೋಡಿದ್ಯಾ? ತಿರುಗೋದಕ್ಕೆ ಯಾವಾಗಲೂ ನೇರ ಓಡೋ ಚಟ. ದಾರ ಎಳೆದಿಟ್ಟಿರುತ್ತೆ, ಅದಕ್ಕೇ ಸುತ್ತುತ್ತೆ. ಸಾಣೆಕಲ್ಲಿಗೆ ದಾರ ಎಲ್ಲಿ? ಕಲ್ಲೇ ಕಲ್ಲನ್ನ ಹಿಡ್ಕೊಂಡಿರಬೇಕು. ಅದಕ್ಕೇ ಕೂರಿಸೋ ಮುಂಚೆ ತಟ್ಟೋದು. ಠಣ್ ಅಂದ್ರೆ ಗಟ್ಟಿ, ಠಪ್ ಅಂದ್ರೆ ಬಿರುಕು."

*

"ತಟ್ಟದೆ ಕೂರಿಸಿದ್ದು ಅವನಲ್ಲ ಕಣಮ್ಮ, ನಾನು," ಎಂದ ಒಂಟಿಗಣ್ಣ. "ಊಟದ ಗಂಟೆಯೊಳಗೆ ಮುಗಿಸೋ ಆತುರ. ತಪ್ಪು ನಂದು ಅಂತಾಗಿದ್ರೆ ಕಣ್ಣಿನ ಜೊತೆ ಕೆಲಸಾನೂ ಹೋಗ್ತಿತ್ತು. ನಿಮ್ಮಪ್ಪ ಎಲ್ಲಾ ತನ್ನ ಮೇಲೆ ಹಾಕ್ಕೊಂಡ."

"ನೀವು ಇಪ್ಪತ್ತು ವರ್ಷ ಬಾಯಿಗೆ ಬೀಗ ಹಾಕ್ಕೊಂಡ್ರಿ."

"ಮೊದಲು ಹೆದರಿಕೆ. ಆಮೇಲೆ ನಾಚಿಕೆ."

ಅವನ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು ಅವಳಿಗೆ. ಅದಕ್ಕಿಂತ ಹೆಚ್ಚಿನ ಸಿಟ್ಟು ತನ್ನ ಮೇಲೆಯೇ. ಹೋದ ವಾರ ಆಸ್ಪತ್ರೆಯಲ್ಲಿ ಅಪ್ಪ, "ಒಂದು ಮಾತು ಹೇಳ್ಲಾ ಪುಟ್ಟಿ?" ಎಂದಿದ್ದ. "ಈಗ ಬೇಡ ಬಿಡಪ್ಪ" ಎಂದು ಎದ್ದು ಹೊರಗೆ ಹೋಗಿದ್ದಳು.

"ಹೊತ್ತಾಯ್ತು," ಎಂದರು ಚಿಕ್ಕಪ್ಪ, ಮೆಲ್ಲಗೆ.

"ಈಗ ಹೇಳಮ್ಮ, ಹೊರಲಾ, ಬೇಡ್ವಾ?" ಎಂದು ಕೇಳಿದ ಒಂಟಿಗಣ್ಣ.

ಅವಳು ಮತ್ತೆ ಅವನ ತೋಳು ಹಿಡಿದು, ಪೆಟ್ಟಿಗೆಯ ಎಡಬದಿಯಿಂದ ಬಲಬದಿಗೆ ಕರೆತಂದು ನಿಲ್ಲಿಸಿದಳು.

"ಆ ಕಡೆ ಹೊತ್ರೆ ಪೆಟ್ಟಿಗೆ ನಿಮ್ಮ ಬಲಗಣ್ಣಿಗೆ ಅಡ್ಡ ಬರುತ್ತೆ. ದಾರಿ ಕಾಣದೆ ಅಪ್ಪನ್ನ ಬೀಳಿಸ್ತೀರಿ."

ಎಡಬದಿಯಲ್ಲಿ ಅವನು ಬಿಟ್ಟ ಜಾಗಕ್ಕೆ ತಾನೇ ಹೋಗಿ ಹೆಗಲು ಕೊಟ್ಟಳು.