ಎಂಟನೇ ಹೆಜ್ಜೆ

"ಮುನ್ನೂರು ಮದುಮಗಳಂದಿರನ್ನ ನೀರಿಂದ ಎತ್ತಿದೀನಿ ಕಣೇ, ಈ ಎರಡೇ ಕೈಯಲ್ಲಿ," ಎಂದಳು ಗ್ಲಾಫಿರಾ ನಿಕಾನೊರೊವ್ನಾ, ಗಟ್ಟಿ ಸುಷ್ಕಿ ಬಿಸ್ಕತ್ತನ್ನು ಚಹದಲ್ಲಿ ಅದ್ದುತ್ತ. "ಒಬ್ಬಳಿಗಾದ್ರೂ ನೆಗಡಿ ಆಗಿದ್ರೆ ಕೇಳು."

ಮೈಕಿನ ಕತ್ತು ತಿರುಗಿಸುತ್ತಿದ್ದ ಯಾನಾ ಕೈ ನಿಲ್ಲಿಸಿದಳು. "ಮುನ್ನೂರಾ?"

"ಅರ್ಧ ಸುಳ್ಳು. ನೀರಿರ್ಲಿಲ್ಲ, ಹಾಸಿಗೆ ಇತ್ತು. ಮದುಮಗಳಂದಿರೂ ಮುನ್ನೂರಲ್ಲ, ಆರೋ ಏಳೋ ಜನ. ಅವರೇ ಮತ್ತೆ ಮತ್ತೆ ಬೀಳೋರು. ಒಬ್ಬಳಂತೂ ನೂರು ಕಿಲೋ ಇದ್ಲು. ಅವಳು ಬಿದ್ದ ಏಟಿಗೆ ಕಾಮಾ ನದೀಲಿ ಮೀನೆಲ್ಲ ದಡಕ್ಕೆ ಹಾರೋವು."

ಹಿಂದೆ ಬ್ರೆಡ್ಡಿನ ಕಾರ್ಖಾನೆಯಾಗಿದ್ದ ಕಟ್ಟಡದ ಮೂರನೇ ಮಹಡಿಯ ಆ ಧ್ವನಿಮುದ್ರಣದ ಕೋಣೆಗೆ ಕಿಟಕಿ ಇರಲಿಲ್ಲ. ಗೋಡೆಗೆಲ್ಲ ಕಂಬಳಿ ಹೊಡೆದಿದ್ದರು. ಆಡಿದ ಮಾತು ಬಾಯಿಯ ಹತ್ತಿರವೇ ಸತ್ತು ಬೀಳುತ್ತಿತ್ತು. ಗ್ಲಾಫಿರಾಗೆ ಇಂಥ ಜಾಗ ಸೇರುವಂಥದ್ದಲ್ಲ. ಎಂಬತ್ತಮೂರಾಗಿದ್ದರೂ ಬಸ್ಸಿನಲ್ಲಿ ಬೇಗ ಸೀಟು ಸಿಗಲೆಂದು ತೊಂಬತ್ತು ಹೇಳುತ್ತಿದ್ದ ಮುದುಕಿ ಅವಳು. ನಾಲ್ಕನೇ ತರಗತಿಗೇ ಶಾಲೆ ಬಿಟ್ಟವಳು, ಪೆರ್ಮ್ ಊರಿನ ಆಪೆರಾ ಥಿಯೇಟರಿನಲ್ಲಿ ನಲವತ್ತೊಂದು ವರ್ಷ ಹಾಡುಗಾರ್ತಿಯರ ಬೆನ್ನಿಗೆ ಹುಕ್ಕು ಹಾಕಿ, ಲಂಗಗಳಿಗೆ ಇಸ್ತ್ರಿ ತಿಕ್ಕಿದ್ದಳು.

ಅಲ್ಲಿ ಪ್ರತಿ ಚಳಿಗಾಲ ಆಡುವ ಹಳೆಯ ಆಪೆರಾ ಒಂದಿತ್ತು. ಕೊನೆಯ ಅಂಕದಲ್ಲಿ ಮದುಮಗಳು ಹೆಪ್ಪುಗಟ್ಟಿದ ಹೊಳೆ ದಾಟಿ ಗಂಡಿನ ಊರಿಗೆ ಹೊರಡುತ್ತಾಳೆ. ವಾದ್ಯಗಳೆಲ್ಲ ಸುಮ್ಮನಾಗುತ್ತವೆ. ಏಳು ಹೆಜ್ಜೆ. ಎಂಟನೆಯದು ಊರುವ ಮೊದಲೇ ಮಂಜುಗಡ್ಡೆ ಬಿರಿಯುತ್ತದೆ. ರಂಗದ ಹಲಗೆ ತೆರೆದುಕೊಂಡು ಅವಳು ಕೆಳಗೆ ಹೋಗುತ್ತಾಳೆ. ಕೆಳಗೆ, ಹಾಸಿಗೆಯ ಪಕ್ಕ, ಉಣ್ಣೆಯ ಶಾಲು ಬಿಚ್ಚಿ ಹಿಡಿದ ಗ್ಲಾಫಿರಾ. ಮೇಲೆ, ಪರದೆಯ ಮರೆಯಲ್ಲಿ, ಅವಳ ಗಂಡ ಪ್ರೋಖರ್. ಮೆತ್ತನೆಯ ಬೂಟು ಹಾಕಿದ ಹಾಡುಗಾರ್ತಿ ನಡೆದರೆ ಸದ್ದೇ ಬರುತ್ತಿರಲಿಲ್ಲ. ಸದ್ದು ಪ್ರೋಖರ್‌ನ ಕೈಯದು. ಬಟ್ಟೆಗೆ ಗಂಜಿ ಹಾಕುವ ಆಲೂಗಡ್ಡೆ ಹಿಟ್ಟನ್ನು ಚೀಲಕ್ಕೆ ತುಂಬಿ ಅವನು ಹಿಸುಕಿದರೆ, ಹಿಮದ ಮೇಲೆ ಮೊದಲು ಹಿಮ್ಮಡಿ, ಆಮೇಲೆ ಬೆರಳು ಊರಿದಂತೆ ಕೇಳುತ್ತಿತ್ತು.

ಆ ಆಪೆರಾವನ್ನು ಈಗ ಯಾನಾ ಮತ್ತು ಅವಳ ಜೊತೆಗಾರ ರದಿಯೋನ್ ವಿಡಿಯೋ ಗೇಮ್ ಮಾಡುತ್ತಿದ್ದರು. ರೇಡಿಯೋದವರು ಎಂದೋ ಹಿಡಿದಿಟ್ಟ ಟೇಪುಗಳು ಅವರಿಗೆ ಸಿಕ್ಕಿದ್ದವು. ಅದರಲ್ಲಿ ಪ್ರೋಖರ್‌ನ ಏಳು ಹೆಜ್ಜೆಗಳಿದ್ದವು. ಆಡುವವರು ಒಂದು ಸಲ ಗುಂಡಿ ಒತ್ತಿದರೆ ಒಂದು ಹೆಜ್ಜೆ. ಪ್ರೋಖರ್ ತೀರಿಕೊಂಡು ಒಂಬತ್ತು ವರ್ಷ. ಚೀಲ ತನ್ನಿ ಎಂದು ಯಾನಾ ಫೋನು ಮಾಡಿದ ದಿನದಿಂದ ಗ್ಲಾಫಿರಾ ಅದನ್ನು ಬಿಸಿನೀರಿನ ಕೊಳವೆಯ ಮೇಲಿಟ್ಟು ಒಣಗಿಸಿದ್ದಳು. ತೇವ ಹಿಡಿದ ಹಿಟ್ಟು ಸದ್ದು ಮಾಡುವುದಿಲ್ಲ. ಇವತ್ತು ಎಳೆಗೂಸಿನಂತೆ ಶಾಲಿನಲ್ಲಿ ಸುತ್ತಿ ತಂದಿದ್ದಳು.

"ಏಳೂ ನಿಮ್ಮ ಹತ್ರಾನೇ ಇದ್ಯಲ್ಲ, ಇನ್ನೇನು ಮಾಡ್ಬೇಕು ನಾನು? ಕುಣೀಲಾ?"

"ಎಂಟನೇದು ಬೇಕು ಅಜ್ಜಿ," ಎಂದ ರದಿಯೋನ್. ಅವನ ಗಡ್ಡ ಮೂರು ಜನಕ್ಕಾಗುವಷ್ಟಿತ್ತು, ಮಾತು ಮಾತ್ರ ಮದುವೆ ಹೆಣ್ಣಿನಂತೆ ಮೆಲ್ಲಗೆ. "ಆಡೋರು ಮಂಜುಗಡ್ಡೆ ಎಲ್ಲಿ ತೆಳ್ಳಗಿದೆ ಅಂತ ನೋಡ್ಕೊಂಡು, ಹುಷಾರಾಗಿ ಹೆಜ್ಜೆ ಇಟ್ರೆ, ಅವಳು ದಾಟ್ತಾಳೆ."

"ಯಾರು ದಾಟೋದು?"

"ಮದುಮಗಳು."

ಗ್ಲಾಫಿರಾ ನಕ್ಕಳು. ನಗು ಕಂಬಳಿಗೆ ತಾಗಿ ಅಲ್ಲೇ ನಿಂತಿತು. "ಚೆನ್ನಾಗಿದೆ ಕಣಪ್ಪ! ನಮ್ಮಜ್ಜಿ ಕಾಲದಿಂದ ಮುಳುಗ್ತಿರೋಳನ್ನ ನೀವು ಗುಂಡಿ ಒತ್ತಿ ದಾಟಿಸ್ತೀರಾ? ಹಾಗಾದ್ರೆ ಕೆಳಗೆ ಶಾಲು ಹಿಡ್ಕೊಂಡು ನಾನು ಯಾರಿಗೆ ಕಾಯ್ಲಿ, ಇಲಿಗಳಿಗಾ?"

ನಗುತ್ತಲೇ ಚೀಲವನ್ನು ಮತ್ತೆ ಶಾಲಿನಲ್ಲಿ ಸುತ್ತತೊಡಗಿದಳು.

"ಆಗಲ್ಲ. ನಾನು ಮಾಡಲ್ಲ."

"ಬೇರೆ ಯಾರ ಹತ್ರ ಮಾಡಿಸಿದ್ರೂ ಆ ಏಳಕ್ಕೆ ಹೊಂದ್ತಿಲ್ಲ ಅಜ್ಜಿ," ಎಂದಳು ಯಾನಾ. "ಚೀಲ ಹೊಲಿದೋರು ನೀವು, ದಿನಾ ಕೇಳಿದೋರು ನೀವು. ಎಂಟನೇದು ಸಿಗ್ದಿದ್ರೆ ಅವಳನ್ನ ಮುಳುಗಿಸ್ಲೇಬೇಕಾಗುತ್ತೆ."

"ಮುಳುಗಿಸಿ. ನಮಗೆ ಅಭ್ಯಾಸ ಇದೆ."

ಇವರಿಗೆ ಅವಳ ಮಗಳು ಲೀದಾಳ ವಿಷಯ ಗೊತ್ತಿರಲಿಲ್ಲ. ಗ್ಲಾಫಿರಾ ಯಾರಿಗೂ ಹೇಳಿದವಳಲ್ಲ. ಊರಿಗೆಲ್ಲ ಸಾವಿರ ಕಥೆ ಕಟ್ಟಿ ಹೇಳುವ ಬಾಯಿ ಆ ಒಂದನ್ನು ಮಾತ್ರ ಹೊರಬಿಡುತ್ತಿರಲಿಲ್ಲ.

ಎಷ್ಟೋ ವರ್ಷದ ಹಿಂದಿನ ಮಾರ್ಚ್ ಕೊನೆಯ ಭಾನುವಾರ ಅದು. ನದಿಯಾಚೆ ಇದ್ದ ಪ್ರೋಖರ್‌ನ ತಂಗಿ ಜೋಯಾಳ ಹುಟ್ಟಿದ ದಿನ. ಗ್ಲಾಫಿರಾ ಹಿಟ್ಟಿನೊಳಗೆ ಕೋಸು ತುಂಬಿ ಪಿರೋಗ್ ಬೇಯಿಸಿ, ಬಿಸಿಬಿಸಿಯಾಗಿ ಟವೆಲ್ಲಿನಲ್ಲಿ ಸುತ್ತಿ, ಹತ್ತೊಂಬತ್ತರ ಮಗಳ ಕೈಗೆ ಕೊಟ್ಟಳು. ನದಿಯ ಮಂಜುಗಡ್ಡೆ ಕರಗತೊಡಗಿದೆ, ದಾಟಬಾರದೆಂದು ದಡದಲ್ಲಿ ಹಲಗೆ ನೆಟ್ಟು ಮೂರು ದಿನವಾಗಿತ್ತು. ಹಲಗೆಯ ಪಕ್ಕದಲ್ಲೇ ಜನ ದಾಟುತ್ತಿದ್ದರು. ಪ್ರತಿ ವರ್ಷ ಹಾಗೇ. ಸೇತುವೆ ಸುತ್ತಿ ಬಸ್ಸಿನಲ್ಲಿ ಹೋದರೆ ಒಂದೂವರೆ ಗಂಟೆ.

"ಬಸ್ಸಲ್ಲೇ ಹೋಗ್ಲಿ," ಎಂದಿದ್ದ ಪ್ರೋಖರ್.

"ನೋಡ್ರಪ್ಪಾ ಗಂಡಸನ್ನ! ಜೀವಮಾನವೆಲ್ಲ ಹಿಟ್ಟಲ್ಲಿ ಹಿಮ ಮಾಡಿದೋನು ನಿಜವಾದ್ದು ಕಂಡ್ರೆ ನಡುಗ್ತಾನೆ," ಎಂದಿದ್ದಳು ಗ್ಲಾಫಿರಾ. "ಪಿರೋಗ್ ಆರೋಗುತ್ತೆ, ಹೋಗೇ ಲೀದಾ."

ಲೀದಾ ಕೂಡ ನಕ್ಕಿದ್ದಳು. ಪ್ರೋಖರ್ ಬಾಗಿಲವರೆಗೆ ಬಂದು, ಹೊರಟವರಿಗೆ ಕೆಡುಕು ತಟ್ಟದಿರಲೆಂದು ಎಲ್ಲರೂ ಮಾಡುವಂತೆ, ಎಡ ಭುಜದ ಮೇಲಿಂದ ಮೂರು ಸಲ ಉಗುಳಲು ಕತ್ತು ಹೊರಳಿಸಿದ್ದ. "ಈಗ ತಾನೆ ಒರೆಸಿದ ನೆಲ ಕಣೋ, ಹೊಲಸು ಮಾಡ್ಬೇಡ," ಎಂದು ಗ್ಲಾಫಿರಾ ಗದರಿದ್ದಳು. ಅವನು ಉಗುಳದೆ ಬಾಯಿ ಮುಚ್ಚಿಕೊಂಡಿದ್ದ.

ಲೀದಾ ಸಿಕ್ಕಿದ್ದು ಮೇ ತಿಂಗಳಲ್ಲಿ.

ಅವಳು ಮುಳುಗಿದ ನಾಲ್ಕನೇ ದಿನಕ್ಕೇ ಪ್ರೋಖರ್ ಕೆಲಸಕ್ಕೆ ಹೋಗಿದ್ದ. ಅಂದು ಅದೇ ಆಪೆರಾ. ಮನೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಗ್ಲಾಫಿರಾ, ಈಗ ಏಳು ಹೆಜ್ಜೆ ಮಾಡುತ್ತಿರುತ್ತಾನೆ, ಈಗ ಮುಳುಗಿಸುತ್ತಿರುತ್ತಾನೆ ಎಂದು ಎಣಿಸಿಕೊಂಡಳು. ಕಲ್ಲು, ಎಂದುಕೊಂಡಳು. ಆಮೇಲೆ ಅವನು ಸಾಯುವವರೆಗೂ ಮಗಳ ಹೆಸರೆತ್ತಲಿಲ್ಲ. ನಿನ್ನ ನಾಲಗೆಯಿಂದಲೇ ಹೋದಳು ಎಂದು ಒಂದು ಸಲ ಬೈದಿದ್ದರೆ, ಒಂದು ಏಟು ಹೊಡೆದಿದ್ದರೆ, ಅವಳೂ ತಿರುಗಿ ಬೈದು ಅತ್ತು ಹಗುರಾಗುತ್ತಿದ್ದಳು. ಅವನು ಊಟ ಮಾಡಿದ, ಚಹ ಕುಡಿದ, ಹಿಟ್ಟು ಒಣಗಿಸಿಕೊಂಡು ಕೆಲಸಕ್ಕೆ ಹೋದ. ಆ ಮೌನವನ್ನು ಅವಳು ಬೈಗುಳವೆಂದೇ ತಿಳಿದು ಜೊತೆಗೆ ಬಾಳಿದಳು.

"ಮಾಡಲ್ಲ ಅಂದ್ರೆ ಬೇಡ," ಎಂದಳು ಯಾನಾ. "ಇಷ್ಟು ದೂರ ಬಂದಿದೀರಾ, ತಾತನ ಹೆಜ್ಜೇನಾದ್ರೂ ಕೇಳ್ಕೊಂಡು ಹೋಗಿ. ಜನರ ಕೆಮ್ಮು, ಕುರ್ಚಿಗಳ ಕಿರಕಿರ ಎಲ್ಲ ತೆಗೆದಿದೀನಿ."

ತಲೆಗೆ ಕಟ್ಟಿದ ಚೌಕದ ಮೇಲೆಯೇ ಹೆಡ್‌ಫೋನು ಕೂರಿಸಿದಳು. "ಕುದುರೆಗೆ ಜೀನು ಹಾಕಿದ ಹಾಗಿದೆ," ಎಂದು ಗ್ಲಾಫಿರಾ ಗೊಣಗುತ್ತಿದ್ದಂತೆಯೇ ಕಿವಿಯೊಳಗೆ ಹಳೆಯ ರಂಗದ ಗಾಳಿ ಬಂತು. ಆಮೇಲೆ ಮೂರು ಚಿಕ್ಕ ಸದ್ದು. ಒಣಗಿದ ತುಟಿಗಳದು. ಆಮೇಲೆ ಹಿಮ್ಮಡಿ, ಬೆರಳು. ಹಿಮ್ಮಡಿ, ಬೆರಳು. ಏಳು.

ಅವಳ ಕೈ ಮೇಲೆದ್ದು ಗಾಳಿಯಲ್ಲೇ ನಿಂತಿತು.

"ಮೊದಲಿಗೆ ಏನೋ ಇತ್ತಲ್ಲ."

"ಅದಾ? ಟೇಪಿನ ಕೊಳೆ. ಸಾಯಂಕಾಲ ಅಳಿಸ್ಬಿಡ್ತೀನಿ."

"ಇನ್ನೊಂದ್ಸಲ ಹಾಕು."

ಯಾನಾ ಹಾಕಿದಳು. ಮತ್ತೆ ಹಾಕು ಎಂದಳು ಮುದುಕಿ. ಐದನೇ ಸಲಕ್ಕೆ ರದಿಯೋನ್ ಏನೋ ಹೇಳಹೊರಟ. ಯಾನಾ ಕಣ್ಣಲ್ಲೇ ತಡೆದಳು.

"ಯಾವ ವರ್ಷದ್ದು ಇದು?"

ಡಬ್ಬಿಯ ಮೇಲಿನ ತಾರೀಕನ್ನು ಯಾನಾ ಓದಿದಳು. ಲೀದಾ ಹೋಗಿ ನಾಲ್ಕು ವರ್ಷದ ನಂತರದ್ದು.

"ಅವತ್ತೊಂದಿನ ಮಾತ್ರಾನಾ?"

"ಮೂರು ದಿನದ ಟೇಪಿದೆ ಅಜ್ಜಿ. ಮೂರರಲ್ಲೂ ಅದೇ ಜಾಗದಲ್ಲಿ ಇದೆ. ಅದಕ್ಕೇ ಯಂತ್ರದ್ದೇ ದೋಷ ಅಂದ್ಕೊಂಡ್ವಿ."

ಗ್ಲಾಫಿರಾ ಹೆಡ್‌ಫೋನು ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಅಷ್ಟು ವರ್ಷವೂ ತಾನು ರಂಗದ ಹಲಗೆಯ ಕೆಳಗೆ ನಿಂತಿದ್ದವಳು. ಅಲ್ಲಿಗೆ ಇದು ಕೇಳುತ್ತಿರಲಿಲ್ಲ.

"ಕತ್ತೆ," ಎಂದಳು ಕೊನೆಗೆ. "ನೆಲ ಒರೆಸಿದೀನಿ ಅಂದ್ರೆ ಅಲ್ಲಿಗೆ ಹೋಗಿ ಉಗಿದಿದಾನೆ. ಪ್ರತಿ ಸಲ ಉಗಿದಿದಾನೆ."

ಯಾನಾ ಏನೂ ಅರ್ಥವಾಗದೆ ರದಿಯೋನ್‌ನ ಮುಖ ನೋಡಿದಳು.

"ಅದನ್ನ ಅಳಿಸ್ಬೇಡಿ," ಎಂದಳು ಗ್ಲಾಫಿರಾ. "ಅಳಿಸಿದ್ರೆ ಸತ್ತ ಮೇಲೂ ಬಂದು ನಿಮ್ಮ ಗುಂಡಿಗಳನ್ನೆಲ್ಲ ಕಿತ್ತು ನನ್ನ ಕೋಟಿಗೆ ಹೊಲ್ಕೊಳ್ತೀನಿ. ಮೈಕು ಇತ್ಲಾಗೆ ತಾ."

ಶಾಲು ಬಿಚ್ಚಿ, ಚೀಲವನ್ನು ಮರದ ಹಲಗೆಯ ಮೇಲಿಟ್ಟಳು. ಬೆರಳ ಗಂಟುಗಳು ಸೆಟೆದುಕೊಂಡಿದ್ದವು. ಮೊದಲ ಸಲ ಹಿಸುಕಿದ್ದು ತೀರ ಭಾರವಾಯಿತು. "ಇದು ಆ ನೂರು ಕಿಲೋದವಳು," ಎಂದು ತಾನೇ ತಳ್ಳಿಹಾಕಿದಳು. ಎರಡನೆಯದರಲ್ಲಿ ಹಿಮ್ಮಡಿ ಬಂತು, ಬೆರಳು ಬರಲಿಲ್ಲ. ಮೂರನೆಯದಕ್ಕೆ ಮುಂಚೆ ಅವಳು ಕತ್ತನ್ನು ಎಡಕ್ಕೆ ಹೊರಳಿಸಿ, ಭುಜದ ಮೇಲಿಂದ, ನಿಧಾನವಾಗಿ, ಮೂರು ಸಲ ಉಗುಳಿದಳು. ಆಮೇಲೆ ಹತ್ತೊಂಬತ್ತರ ಹುಡುಗಿಯೊಬ್ಬಳು, ಕೈಯಲ್ಲಿ ಬಿಸಿಯಾದದ್ದೇನನ್ನೋ ಹಿಡಿದು, ಅವಸರದಲ್ಲಿ ಕಾಲಿಟ್ಟಳು. ಹಿಮ್ಮಡಿ. ಬೆರಳು.

ಯಾನಾ ಅದನ್ನು ಆ ಏಳರ ಹಿಂದೆ ಜೋಡಿಸಿ ಕೇಳಿದಳು.

"ಸಿಕ್ತು ಅಜ್ಜಿ," ಎಂದಳು ಯಾನಾ.

"ದಡ ಹತ್ತಿದ ಮೇಲೆ ಏನಾಗುತ್ತೆ ಅಂತ ಬರೆದಿದೀರಾ?"

"ಇನ್ನೂ ಇಲ್ಲ," ಎಂದ ರದಿಯೋನ್.

"ಅವಳ ಕೈಯಲ್ಲಿ ಏನಿರುತ್ತೆ?"

"ಏನೂ ಇಲ್ಲ. ಬರಿಗೈ."

"ಬರಿಗೈಲಿ ಯಾರಾದ್ರೂ ಹೋಗ್ತಾರೇನೋ ನೆಂಟರ ಮನೆಗೆ? ಒಂದು ಪಿರೋಗ್ ಕೊಡು. ಕೋಸಿಂದು. ಟವೆಲ್ಲಲ್ಲಿ ಸುತ್ತಿ ಕೊಡು." ಬೆರಳುಗಳಿಗೆ ಅಂಟಿದ ಬಿಳಿಯ ಹಿಟ್ಟನ್ನು ಗ್ಲಾಫಿರಾ ಒರೆಸಿಕೊಳ್ಳಲಿಲ್ಲ. ಎರಡೂ ಅಂಗೈಯನ್ನು ಮೇಲೆ ಮಾಡಿ, ಅವುಗಳ ಮೇಲೆ ಏನೋ ಇದೆಯೆಂಬಂತೆ ಹಿಡಿದಿದ್ದಳು. "ಆಚೆ ದಡದಲ್ಲಿ ಅವಳ ಸೋದರತ್ತೆ ಮನೆ ಇದೆ ಅಂತಿಟ್ಕೊ. ಅತ್ತೆ ಬಾಗಿಲು ತೆಗೀತಾಳೆ, ಟವೆಲ್ ಬಿಚ್ತಾಳೆ. ಈಗ ನೀನೇ ಹೇಳು ನೋಡೋಣ ಯಾನಾ, ಇನ್ನೂ ಬಿಸಿ ಇರುತ್ತಾ, ಆರೋಗಿರುತ್ತಾ?"