ಅವ್ವನ ದನಿಗೊಂದು ಸಾಕೆಟ್

ಸೀನು ಬಂತು, ತಡಕೊಂಡಳು ಮಹೇಶ್ವರಿ, ಅಂಗೈ ಮ್ಯಾಲಿನ ಚಿಪ್ ಅಲುಗಲಿಲ್ಲ ಪುಣ್ಯಾಕ್ಕ — ಬ್ಯಾಡಗಿ ಗಾಳಿನ ಹಿಂಗ, ಕಿಟಕಿ ಹಾಕಿದ್ರೂ ಮೆಣಸಿನಕಾಯಿ ಘಾಟು ಒಳಗ ಬಂದು ಕುಂದರ್ತೈತಿ, ಅವ್ವನ ಸೀರಿಯೊಳಗೂ ಇದ ವಾಸನಿ, ಮಾರ್ಕೆಟ್‌ನ್ಯಾಗ ದಿನಾ ತೊಟ್ಟು ಬಿಡಿಸಿ ಬಿಡಿಸಿ, ತೀರಿಕೊಂಡು ವರ್ಷಾಗಾಕ ಬಂತು, ಇನ್ನೂ ಹೋಗವಲ್ದು, ಹೋಗೂದೂ ಬ್ಯಾಡ. ಮತ್ತ ಈ ಚಿಪ್, ಕರೀ ಜರಿಹುಳದಂಗ ಎರಡೂ ಕಡೆ ಕಾಲು, ಇದರೊಳಗ ಅವ್ವ ಬೀರವ್ವನ ದನಿ, ಬಾಗಲ ಬೆಲ್ಲಿಗಂತ ಮಹೇಶ್ವರಿ ತಾನ ತುಂಬಿದ್ದು, ಬಟನ್ ಒತ್ತಿ ಹಿಡದ್ರ, ಬಾಗಲಾ ತಗದೈತಿ ಒಳಗ ಬರ್ರಿ — ಮಂದಿ ನಗತಿದ್ರು, ಬೀರವ್ವ ಬೆಲ್ಲಿನ್ಯಾಗ ಹೊಕ್ಕಾಳ ಅಂತಿದ್ರು. ಮಳಿಗಾಲದ ಥಂಡಿಗೆ ಬೆಲ್ಲಿನ ಬೋರ್ಡಿನ ತಾಮ್ರ ಹಸರಾಗಿ ಹಾಳಾತು, ಬೆಲ್ ಮೂಕಾತು. ಹೊಸಾದು ತಗೋ ಅಕ್ಕಾ, ರಾಣೆಬೆನ್ನೂರಿಂದ ಫೋನಿನ್ಯಾಗ ತಮ್ಮ ಕನಕರಾಜ ಅಂದ, ಹೊಸಾದ್ರಾಗ ಅವ್ವ ಎಲ್ಲಿರ್ತಾಳೋ ಹುಚ್ಚಪ್ಪಾ, ಮೊಬೈಲ್ ಹಿಡದ್ರ ಬಾಯಿ ಮುಚ್ಚಿಕೊಳ್ಳಾಕಿ, ಆಕಿ ದನಿ ಇರೂದು ಇದೊಂದರಾಗ.

ಹೊಸಾ ಬೋರ್ಡು ಮನ್ಯಾಗ ಮಾಡ್ಯಾಳ, ಹಾವೇರಿ ಸ್ಟೇಷನ್ ಕಡೆ ಅಂಗಡಿ ಜಾವೇದ ಎರಡು ನಮೂನಿ ಸಾಕೆಟ್ ಕೊಟ್ಟಾನ, ಚಿಪ್ ಕುಂದ್ರೂ ಖುರ್ಚಿ. ಗುಂಡು ತೂತಿಂದು ಗಟ್ಟಿ ಅಕ್ಕಾರ, ಹಿಡದ್ರ ಬಿಡಂಗಿಲ್ಲ, ಅಂದಿದ್ದ — ಖರೇ, ಆದ್ರ ತೂತು ಬಾಳ ಸಣ್ಣವು, ಹಳೇ ಬೆಸುಗಿ ಸೋಲ್ಡರ್ ಮೆತ್ತಿದ ಕಾಲು ಸುಮ್ಮನ ಇಳಿಯಂಗಿಲ್ಲ, ಜೋರಿಲೆ ಒತ್ತಬೇಕು, ಒತ್ತಿದ್ರ ಆ ಮೂಲಿ ಕಾಲು, ಹಳೇ ಬೋರ್ಡಿಂದ ಚಿಪ್ ಕೀಳೂವಾಗ ಮಡಚಿದ್ದು, ಚಿಮಟದಿಂದ ನೆಟ್ಟಗ ಮಾಡಿದ್ದು, ಮತ್ತ ಮಡಚಿದ್ರ ಮುರೀತೈತಿ, ಮುರದ್ರ ಮುಗೀತು, ದೇವರಾ. ಇನ್ನೊಂದು ಚಪ್ಪಟಿ ಪಿನ್ನಿಂದು, ಅದು ಸಡಲ, ಎಂದರ ಒಂದಿನ ಕೈಕೊಡ್ತೈತಿ, ಆದ್ರ ನೋಯಿಸೂದಿಲ್ಲ, ಕೈ ಸಡಲ ಬಿಡ ಬೀರವ್ವಾ ಅಂತಿದ್ಲು ಬಳಿ ಮಾರೂ ಬಿಸ್ಮಿಲ್ಲಾಬಿ, ಹಸರು ಬಳಿ ಒಂದೊಂದ ಏರತಿದ್ವು, ಅವ್ವ ಕಣ್ಣು ಮುಚ್ಚಿ ನಗತಿದ್ಲು — ಚಪ್ಪಟಿದ ಇರಲಿ, ಬೆಸುಗಿ ಕಾವು ಖಾಲಿ ಸಾಕೆಟ್ ಉಣ್ಣಲಿ, ಆಮ್ಯಾಲ ಅವ್ವ ಕುಂದರಲಿ. ಸೋಲ್ಡರ್ ಹೊಗಿ ಮೆಲ್ಲಕ ಸುರುಳಿ ಸುತ್ತಿ ಹೋತು, ಬೋರ್ಡು ತಣ್ಣಗಾತು, ಚಿಪ್ ಇಟ್ಟು ಹೆಬ್ಬೆರಳಿಲೆ ಒತ್ತಿದಳು, ಕಾಲು ಇಳದ್ವು, ಆ ಮೂಲಿ ಕಾಲೂ ಇಳೀತು. ಬಟನ್ ಒತ್ತಿದಳು — ಬಾಗಲಾ ತಗದೈತಿ, ಒಳಗ ಬರ್ರಿ. ಯವ್ವಾ! ಬೆರಳು ತಗಿಯೂದ ಮರತಳು, ದಿನಾ ಇಷ್ಟು ಕೇಳಿ ಎಲ್ಲಾರೂ ಬೆರಳು ತಗೀತಿದ್ರು, ದನಿ ಅಲ್ಲಿಗೇ ನಿಂದರ್ತಿತ್ತು, ಇವತ್ತು ನಿಂದರವಲ್ದು, ಸರ್ ಅನ್ನೂ ಮೌನ, ಎಲ್ಲೋ ಒಂದು ಕಾಗಿ, ಆಮ್ಯಾಲ ಸಣ್ಣಗ, ಆತೇನ ಮಹೇಶಿ, ಉಸರ ಬಿಡ್ಲೇನ? — ಅಲುಗಾಡಬ್ಯಾಡಬೇ, ಸಪ್ಪಳ ಬರ್ತೈತಿ, ಉಸರ ಬಿಗಿಹಿಡಿ, ಅಂತ ಆವತ್ತು ಹೇಳಿದಾಕಿ ತಾನ, ಗಲ್ಲ ಉಬ್ಬಿಸಿಕೊಂಡು ಕುಂತಿದ್ಲು ಅವ್ವ, ಕಣ್ಣು ದೊಡ್ಡವು ಮಾಡಿ, ಮಗಳು ಹೂಂ ಅನ್ನೂತನಾ — ಬೆರಳು ಬಟನ್ ಮ್ಯಾಲೇ ಐತಿ, ಹೂಂ ಅನ್ನಾಕ ಬಾಯಿ ಬರವಲ್ದು, ಉಬ್ಬಿದ ಗಲ್ಲ, ಉಸರ ಬಿಡ್ಲೇನ, ಉಬ್ಬಿದ ಗಲ್ಲ —